ಹವ್ಯಾಸಿ ಕಬಡ್ಡಿ ತಂಡಗಳಲ್ಲಿ ಕೌಶಲದ ಕಲಿಕೆ: ಮಂಡ್ಯ, ಮದ್ದೂರು, ಮಳವಳ್ಳಿಗಳ ಅಭ್ಯಾಸದ ಕಣಗಳನ್ನು ಕುರಿತು

ಆಟಗಳ ಚರಿತ್ರೆಯನ್ನು ಬರೆಯಹೊರಟವರಿಗೆ ದೊರೆಯುವ ಆಧಾರಗಳಲ್ಲಿ ಒಂದು ವಿಚಿತ್ರವಾದ ಪಕ್ಷಪಾತವಿದೆ. ಗೆದ್ದವರ ಹೆಸರು, ಅವರು ಪಡೆದ ಬಹುಮಾನ, ಪಂದ್ಯ ನಡೆದ ಸ್ಥಳ ಮತ್ತು ದಿನಾಂಕ, ಅಧ್ಯಕ್ಷತೆ ವಹಿಸಿದ ಮಹನೀಯರ ಭಾಷಣ, ಇವೆಲ್ಲ ಎಲ್ಲಿಯಾದರೂ ದಾಖಲಾಗಿರುತ್ತವೆ. ಗೆಲ್ಲುವುದಕ್ಕೆ ಮುನ್ನ ಆ ಆಟಗಾರರು ಯಾವ ನೆಲದಲ್ಲಿ, ಯಾರ ಜೊತೆಯಲ್ಲಿ, ಎಷ್ಟು ಸಂಜೆಗಳನ್ನು ಕಳೆದರು, ಏನನ್ನು ಯಾವ ಕ್ರಮದಲ್ಲಿ ಕಲಿತರು ಎಂಬುದನ್ನು ಮಾತ್ರ ಬರೆದಿಟ್ಟವರು ವಿರಳ. ನಮ್ಮ ಕಾಲೇಜುಗಳ ಕ್ರೀಡಾ ವರದಿಗಳನ್ನು ತೆರೆದು ನೋಡಿದರೂ ಇದೇ ಸ್ಥಿತಿ. ಪ್ರಸ್ತುತ ಲೇಖನದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಕೆಲವು ಹವ್ಯಾಸಿ ಕಬಡ್ಡಿ ತಂಡಗಳ ಅಭ್ಯಾಸವನ್ನು ಸಮೀಪದಿಂದ ನೋಡಿ, ಅಲ್ಲಿ ಕೌಶಲವೆಂಬುದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದನ್ನು ವಿವರಿಸಲು ಯತ್ನಿಸಿದ್ದೇವೆ. ನಾವು ಚರಿತ್ರೆಯ ಅಧ್ಯಾಪಕರೇ ಹೊರತು ಆಟಗಾರರಲ್ಲ. ಆದಕಾರಣ ಆಟದ ಸೂಕ್ಷ್ಮಗಳಲ್ಲಿ ತಪ್ಪು ಕಂಡುಬಂದರೆ ಬಲ್ಲವರು ತಿದ್ದಬೇಕು.

‘ಹವ್ಯಾಸಿ’ ಎಂಬ ಮಾತನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಇಲ್ಲಿ ನಾವು ಹೇಳುತ್ತಿರುವ ತಂಡಗಳಲ್ಲಿ ಸಂಬಳ ಪಡೆಯುವ ಶಿಕ್ಷಕನಿಲ್ಲ, ಸಂಬಳ ಪಡೆಯುವ ಆಟಗಾರನೂ ಇಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿಯುವವರು, ಆಲೆಮನೆಯಲ್ಲಿ ಕೆಲಸ ಮಾಡುವವರು, ಕಾಲೇಜಿನ ವಿದ್ಯಾರ್ಥಿಗಳು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮಂಡ್ಯಕ್ಕೋ ಮದ್ದೂರಿಗೋ ಹಿಂದಿರುಗುವ ಕಾರ್ಖಾನೆಯ ನೌಕರರು ಕೂಡಿ ಕಟ್ಟಿಕೊಂಡ ತಂಡಗಳಿವು. ರೈಲಿನ ವೇಳೆಗೆ ಅನುಸಾರವಾಗಿ ಅಭ್ಯಾಸದ ವೇಳೆ ಗೊತ್ತಾಗುತ್ತದೆ. ಆಲೆಮನೆ ನಡೆಯುವ ದಿನಗಳಲ್ಲಿ ಇಬ್ಬರು ಮೂವರು ಬಾರದೆ ಉಳಿಯುತ್ತಾರೆ. ಗುರುವಿಲ್ಲದ, ನಿಯತವಾದ ವೇಳೆಯಿಲ್ಲದ ಇಂಥ ಸ್ಥಳದಲ್ಲಿಯೂ ಹದಿನಾರು ವರ್ಷದ ಹುಡುಗನೊಬ್ಬ ಎರಡು ಸುಗ್ಗಿ ಕಳೆಯುವಷ್ಟರಲ್ಲಿ ನುರಿತ ಆಟಗಾರನಾಗುತ್ತಾನೆ. ಇದು ಹೇಗೆ ಸಾಧ್ಯವಾಗುತ್ತದೆಂಬುದೇ ನಮ್ಮ ಪ್ರಶ್ನೆ.

ನಮ್ಮ ನಾಡಿನಲ್ಲಿ ದೇಹಕೌಶಲದ ಶಿಕ್ಷಣಕ್ಕೆ ದೀರ್ಘವಾದ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಈ ವಿಷಯದಲ್ಲಿ ಅಪೂರ್ವವಾದ ಗ್ರಂಥ. ಅದರ ಮಲ್ಲವಿನೋದದ ಪ್ರಕರಣದಲ್ಲಿ ಕಾಳಗದ ವರ್ಣನೆಯ ಜೊತೆಗೆ ಮಲ್ಲರ ಸಾಧನೆಯ ಕ್ರಮವೂ ಬಂದಿದೆ. ಇನ್ನೂ ಬೆಳೆಯುತ್ತಿರುವ ತರುಣ ಮಲ್ಲನಿಗೆ ‘ಭವಿಷ್ಣು’ ಎಂಬ ಪ್ರತ್ಯೇಕವಾದ ಹೆಸರು. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಎಂದು ಅಭ್ಯಾಸದ ಭೇದಗಳು. ಗೋವಿಂದವೈದ್ಯನು 1648ರಲ್ಲಿ ಬರೆದ ‘ಕಂಠೀರವ ನರಸರಾಜ ವಿಜಯ’ದಲ್ಲಿ ಶ್ರೀರಂಗಪಟ್ಟಣದ ಮಹಾನವಮಿಯ ವಿಸ್ತಾರವಾದ ವರ್ಣನೆಯಿದೆ, ಅಲ್ಲಿ ಮಲ್ಲರು ಬರುತ್ತಾರೆ, ಅವರ ಸಾಧನೆಯ ಕ್ರಮ ಬರುವುದಿಲ್ಲ. ಐದು ಶತಮಾನಗಳ ಹಿಂದಿನ ಸೋಮೇಶ್ವರನಿಗಿದ್ದ ಕುತೂಹಲ ಬಹುಪಾಲು ಉತ್ಸವವರ್ಣನಕಾರರಿಗೆ ಇರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಮೈಸೂರು ಸೀಮೆಯ ಗರಡಿಮನೆಗಳು ಈ ಪರಂಪರೆಯನ್ನು ಮುಂದುವರಿಸಿದುವು. ಮಟ್ಟಿಯ ಕೆಂಪುಮಣ್ಣು, ಗೋಡೆಯ ಮೇಲಿನ ಆಂಜನೇಯ, ದಂಡ ಮತ್ತು ಬಸ್ಕಿ, ಗದೆ, ಕಲ್ಲುಗುಂಡು, ಉಸ್ತಾದರ ಮುಂದೆ ಪಟ್ಟಿಗೆ ಪ್ರತಿಪಟ್ಟು ಕಲಿಯುವ ಜೋಡಿಗಳು ಈಗಲೂ ಕೆಲವೆಡೆ ಕಾಣಸಿಗುತ್ತವೆ. ದಸರಾ ಕುಸ್ತಿಗೆ ಮುನ್ನ ಸಮಬಲರನ್ನು ಗೊತ್ತುಮಾಡುವುದಕ್ಕೆ ‘ಜೋಡಿ ಕಟ್ಟುವುದು’ ಎನ್ನುತ್ತಾರೆ. ಈ ಮಾತನ್ನು ನಾವು ಕಬಡ್ಡಿಯ ಅಭ್ಯಾಸದ ಕಣದಲ್ಲಿಯೂ ಕೇಳಿದೆವು. ಗರಡಿ ಮುಚ್ಚಿದ ಊರಿನಲ್ಲಿ ಅದರ ಶಿಕ್ಷಣಕ್ರಮದ ಕೆಲವು ಅಂಶಗಳು ಕಬಡ್ಡಿಯೊಳಗೆ ಸೇರಿಕೊಂಡಿವೆಯೆಂದು ಊಹಿಸಲು ಇದೊಂದು ಸೂಚನೆ. ಆದರೆ ಒಂದು ವ್ಯತ್ಯಾಸ ಮುಖ್ಯವಾದುದು. ಕುಸ್ತಿಯಲ್ಲಿ ಪೈಲ್ವಾನನು ಕಲಿತ ಪಟ್ಟು ಅವನ ದೇಹದಲ್ಲಿಯೇ ಉಳಿಯುತ್ತದೆ. ಅವನು ಯಾವ ಊರಿಗೆ ಹೋದರೂ ಅದು ಅವನ ಜೊತೆಯಲ್ಲಿಯೇ ಹೋಗುತ್ತದೆ. ಕಬಡ್ಡಿಯ ಅರ್ಧಭಾಗ ವಿದ್ಯೆ ಹಾಗೆ ಒಬ್ಬನ ಸ್ವತ್ತಾಗಿರುವುದಿಲ್ಲ. ಇದನ್ನು ಮುಂದೆ ವಿವರಿಸುತ್ತೇವೆ.

ಹಳ್ಳಿಯ ಆಟವಾಗಿದ್ದ ಕಬಡ್ಡಿಗೆ ಅಚ್ಚಿನ ನಿಯಮಗಳು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಪುಣೆ, ಬರೋಡೆಗಳ ವ್ಯಾಯಾಮ ಸಂಸ್ಥೆಗಳು ಈ ಕೆಲಸದಲ್ಲಿ ಮುಂದಾಗಿ, 1923ರಲ್ಲಿ ಬರೋಡೆಯಲ್ಲಿ ನಿಯಮಾವಳಿ ಪ್ರಕಟವಾಯಿತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಇದರ ಪ್ರದರ್ಶನವಿತ್ತರು. 1950ರಲ್ಲಿ ಅಖಿಲ ಭಾರತ ಒಕ್ಕೂಟವೂ, 1972ರಲ್ಲಿ ‘ಅಮೆಚೂರ್’ ಎಂಬ ವಿಶೇಷಣವನ್ನು ಹೆಸರಿನಲ್ಲಿಯೇ ಧರಿಸಿದ ಇಂದಿನ ಒಕ್ಕೂಟವೂ ಸ್ಥಾಪಿತವಾದುವು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರಿಗೆ, 2010ರ ಗ್ವಾಂಗ್‌ಜೌ ಕೂಟದಲ್ಲಿ ಮಹಿಳೆಯರಿಗೆ ಪದಕದ ಸ್ಪರ್ಧೆಯಾಯಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಆಟ ಮನೆಮನೆಯ ದೂರದರ್ಶನಕ್ಕೆ ಬಂದಿತು. ಇಷ್ಟು ಚರಿತ್ರೆ ಸುಲಭವಾಗಿ ದೊರೆಯತಕ್ಕದ್ದು. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಆಟವನ್ನು ಅರಿಯದ ಓದುಗರಿಗಾಗಿ ಕಣದ ಸ್ವರೂಪವನ್ನು ಹೇಳುತ್ತೇವೆ. ಪುರುಷರ ಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯದ ಗೆರೆ ಅದನ್ನು ಎರಡು ಪಾಳ್ಯಗಳಾಗಿ ಒಡೆಯುತ್ತದೆ. ಮಧ್ಯದ ಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಿಂದ ಇನ್ನೂ ಒಂದು ಮೀಟರ್ ಒಳಗೆ ಬೋನಸ್ ಗೆರೆ. ಪ್ರತಿ ತಂಡದಿಂದ ಏಳು ಮಂದಿ ಕಣದಲ್ಲಿರುತ್ತಾರೆ. ಒಬ್ಬನು ‘ಕಬಡ್ಡಿ ಕಬಡ್ಡಿ’ ಎಂದು ಎಡೆಬಿಡದೆ ಉಚ್ಚರಿಸುತ್ತ ಎದುರು ಪಾಳ್ಯಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ ಹಿಂದಿರುಗಬೇಕು. ಯಾರನ್ನೂ ಮುಟ್ಟದಿದ್ದರೆ ಬಾಕ್ ಲೈನನ್ನಾದರೂ ಒಮ್ಮೆ ದಾಟಿರಬೇಕು. ಇದಕ್ಕೆ ಆಟಗಾರರು ಬಳಸುವ ಮಾತು ‘ರೈಡ್’. ಎದುರಾಳಿಗಳು ಅವನನ್ನು ಹಿಡಿದು ನಿಲ್ಲಿಸಬೇಕು. ಮೂಲೆಗಳಲ್ಲಿ ನಿಲ್ಲುವವರು ‘ಕಾರ್ನರ್’, ಅವರ ಒಳಬದಿಯಲ್ಲಿ ನಿಲ್ಲುವವರು ‘ಇನ್’ ಮತ್ತು ‘ಕವರ್’. ಈ ಪದಗಳು ಹಳ್ಳಿಯ ಹುಡುಗರ ಬಾಯಲ್ಲಿ ಕನ್ನಡದ ಪದಗಳಷ್ಟೇ ಸಲೀಸಾಗಿವೆ. ಅವಕ್ಕೆ ಬದಲಾಗಿ ಸಂಸ್ಕೃತದ ಪದಗಳನ್ನು ಹೊಸೆಯುವ ಶ್ರಮವನ್ನು ನಾವು ಕೈಗೊಂಡಿಲ್ಲ.

ಕಲಿಕೆಯಲ್ಲಿ ಮೊದಲನೆಯದು ಉಸಿರು. ಹೊಸಬನು ಗೆರೆ ದಾಟಿದೊಡನೆ ದೊಡ್ಡ ದನಿಯಲ್ಲಿ, ಅವಸರದಲ್ಲಿ ‘ಕಬಡ್ಡಿ’ ಹೇಳಿ ಹತ್ತು ಹೆಜ್ಜೆಯಲ್ಲಿಯೇ ಉಸಿರನ್ನು ಬರಿದುಮಾಡಿಕೊಳ್ಳುತ್ತಾನೆ. ನುರಿತವನ ದನಿ ತಗ್ಗಾಗಿ, ಸಮವಾಗಿ, ತುಟಿಯ ಬಳಿಯಲ್ಲಿಯೇ ಸುಳಿಯುತ್ತದೆ. ಆದರೂ ತೀರ್ಪುಗಾರನಿಗೆ ಕೇಳಿಸುತ್ತದೆ. ಹಿಂದೆ ರೈಡಿನ ಅವಧಿಯನ್ನು ಉಸಿರೇ ನಿರ್ಣಯಿಸುತ್ತಿದ್ದಿತು. ಈಗ 30 ಸೆಕೆಂಡುಗಳ ಮಿತಿ ಇದೆ. ಉಚ್ಚಾರಣೆಯ ನಿಯಮವೂ ಉಳಿದಿದೆ. ಮದ್ದೂರಿನ ಕಡೆಯ ಒಂದು ತಂಡದವರು ನಾಲೆಯ ಏರಿಯ ಮೇಲೆ ಓಡುತ್ತ, ಒಂದೇ ಉಸಿರಿಗೆ ಎಷ್ಟು ವಿದ್ಯುತ್ ಕಂಬಗಳನ್ನು ದಾಟಬಹುದೆಂದು ಎಣಿಸುವುದನ್ನು ಕಂಡೆವು. ಈ ಉಪಾಯವನ್ನು ಯಾರು ಮೊದಲು ಮಾಡಿದರೆಂದು ವಿಚಾರಿಸಿದಾಗ ಯಾರಿಗೂ ತಿಳಿದಿರಲಿಲ್ಲ; ತಮಗಿಂತ ಹಿರಿಯರು ಮಾಡುತ್ತಿದ್ದರು, ತಾವೂ ಮಾಡುತ್ತಿದ್ದೇವೆ ಎಂದರು.

ಎರಡನೆಯದು ಕಾಲಿನ ಚಲನೆ. ರೈಡಿಗೆ ಹೋದವನು ಹೆಜ್ಜೆಗೆ ಹೆಜ್ಜೆ ಕತ್ತರಿಯಂತೆ ಅಡ್ಡಹಾಕಬಾರದು. ಭಾರ ಹಿಂಗಾಲಿನ ಮೇಲೆ ಇದ್ದು ಮುಂಗಾಲು ನೆಲವನ್ನು ತಡವುವಂತಿರಬೇಕು. ಬೋನಸ್ ಪಡೆಯಲು ಎದುರಿನಲ್ಲಿ ಆರು ಮಂದಿಗೆ ಕಡಮೆಯಿಲ್ಲದೆ ಇರಬೇಕು, ಒಂದು ಕಾಲು ಬೋನಸ್ ಗೆರೆಯಾಚೆ ಊರಿರುವಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಕಾರ್ನರ್ ಆಟಗಾರನು ಕಾದು ಕುಳಿತಿರುವುದು ಆ ಕ್ಷಣಕ್ಕೇ. ಒಂಟಿಕಾಲಿನ ಮೇಲೆ ನಿಂತವನ ಹರಡನ್ನು ಎರಡು ಅಂಗೈಗಳಿಂದ ಹಿಡಿದು, ಮೇಲಕ್ಕೆತ್ತಿ, ತನ್ನ ಎದೆಯ ಕಡೆಗೆ ಸೆಳೆದುಕೊಳ್ಳುವುದು ಅವನ ಪಟ್ಟು.

ಈ ಹರಡಿನ ಹಿಡಿತವನ್ನು ಕಲಿಸುವ ರೀತಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯಿತು. ಮಂಡ್ಯದ ಹತ್ತಿರದ ಒಂದು ತಂಡದಲ್ಲಿ ಮೂವತ್ತೈದು ದಾಟಿದ ಹಿರಿಯ ಆಟಗಾರರೊಬ್ಬರು ಹೊಸ ಹುಡುಗನನ್ನು ಮೂಲೆಯಲ್ಲಿ ನಿಲ್ಲಿಸಿ, ತಾವೇ ರೈಡಿಗೆ ಬರುತ್ತಿದ್ದರು. ಹುಡುಗನು ಅವರ ಬೀಸುವ ಕೈಯನ್ನೇ ನೋಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದ. “ಕೈ ನೋಡ್ಬ್ಯಾಡ ಕಣ್ಲಾ, ಸ್ವಂಟ ನೋಡು” ಎಂಬುದು ಅವರು ಆಡಿದ ಒಂದೇ ಮಾತು. ಕೈಯಿಂದ ವಂಚಿಸಬಹುದು, ಭುಜದಿಂದ ವಂಚಿಸಬಹುದು. ದೇಹದ ಭಾರ ಯಾವ ಕಡೆಗೆ ವಾಲುತ್ತದೆಂಬುದನ್ನು ಸೊಂಟ ಮುಚ್ಚಿಡಲಾರದು. ಅನಂತರ ಮಾತಿಲ್ಲದೆ ಅವರು ಇಪ್ಪತ್ತು ಮೂವತ್ತು ಸಲ ಬಂದರು. ಮೊದಲು ಕಾಲನ್ನು ನಿಧಾನವಾಗಿ, ಹಿಡಿಯಲು ಅನುಕೂಲವಾಗುವಂತೆ ಚಾಚಿದರು. ಹುಡುಗನ ಕೈ ಹೊಂದಿದ ಹಾಗೆಲ್ಲ ಸ್ವಲ್ಪ ಸ್ವಲ್ಪವಾಗಿ ವೇಗ ಹೆಚ್ಚಿಸಿದರು. ಕೊನೆಗೆ ಹುಡುಗನು ನಿಜವಾಗಿಯೇ ಹಿಡಿದು ಕೆಡವಿದಾಗ “ಹಿಡ್ಕಂಡೆ ಕಣಣ್ಣೋ” ಎಂದು ಕೂಗಿದ. ಆ ಹಿರಿಯರು ಮಣ್ಣು ಕೊಡವಿಕೊಂಡು ಎದ್ದರು. ತನ್ನನ್ನು ಹಿಡಿಯಲು ಕೊಡುವ ಈ ಕ್ರಿಯೆಯೇ ಇಲ್ಲಿನ ಶಿಕ್ಷಣದ ಜೀವಾಳ. ಎಷ್ಟು ಬಿಡಬೇಕು, ಎಷ್ಟು ಬಿಗಿಯಬೇಕು ಎಂಬ ಅಳತೆ ಹಿಡಿಸಿಕೊಳ್ಳುವವನ ದೇಹದಲ್ಲಿರುತ್ತದೆ. ಗರಡಿಯ ಉಸ್ತಾದನು ಶಿಷ್ಯನೊಡನೆ ಜೋಡಿಯಾಗಿ ನಿಂತಾಗ ಮಾಡುತ್ತಿದ್ದುದೂ ಇದನ್ನೇ.

ಬೀಳುವುದನ್ನೂ ಕಲಿಯಬೇಕು. ಗದ್ದ ಎದೆಗೆ ಒತ್ತಿ, ಭುಜದ ಮೇಲೆ ಉರುಳಿ ಬೀಳುವುದನ್ನು ಕಲಿಯದವನು ಮೊಣಕಾಲು, ಹೆಗಲುಗಳನ್ನು ಕೆಡಿಸಿಕೊಳ್ಳುತ್ತಾನೆ. ಊರಹಬ್ಬದ ಪಂದ್ಯಾವಳಿಗೆ ಎರಡು ದಿನ ಇರುವಾಗ ತಂಡ ಕೂಡಿಸಿಕೊಂಡು ಇಳಿಯುವವರಲ್ಲಿ ಗಾಯಗಳು ಹೆಚ್ಚಾಗಿರುವುದನ್ನು ನಾವು ನೋಡಿದ್ದೇವೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ‘ಚೈನ್’ ಎಂಬುದರ ವಿಚಾರ. ಪಕ್ಕಪಕ್ಕದ ಇಬ್ಬರು ಕೈಹಿಡಿದು ನಿಂತು ರೈಡರ್‌ನ ಸುತ್ತ ಬೇಲಿಯಂತೆ ಮುಂದೊತ್ತುವುದಕ್ಕೆ ಈ ಹೆಸರು. ನೋಡುವವರಿಗೆ ಸರಳ, ಮಾಡುವವರಿಗೆ ಬಹು ಕಠಿಣ. ಇಬ್ಬರಲ್ಲಿ ಒಬ್ಬ ಅರ್ಧ ಹೆಜ್ಜೆ ಮುಂದಾದರೆ ಹಿಡಿದ ಕೈಯೇ ಎಳೆದು ಅವನ ತೂಕ ತಪ್ಪಿಸುತ್ತದೆ. ಕಾರ್ನರ್ ಆಟಗಾರ ಹರಡನ್ನು ಹಿಡಿದ ಮರುಕ್ಷಣದಲ್ಲಿ ಚೈನ್ ಬಂದು ಮುಚ್ಚದಿದ್ದರೆ ರೈಡರ್ ಅವನನ್ನೂ ಎಳೆದುಕೊಂಡು ಮಧ್ಯದ ಗೆರೆಯನ್ನು ಮುಟ್ಟಿಬಿಡುತ್ತಾನೆ. ಆದಕಾರಣ ಹಿಡಿಯುವವನು ಹಿಡಿಯುವ ಮುನ್ನವೇ ‘ಇವರು ಬರುತ್ತಾರೆ’ ಎಂಬ ನಂಬಿಕೆಯಲ್ಲಿರಬೇಕು. ಬರುವವರು ‘ಇವನು ಈಗ ಹಿಡಿಯುತ್ತಾನೆ’ ಎಂಬುದನ್ನು ಅವನ ಬೆನ್ನಿನಿಂದಲೇ ತಿಳಿಯಬೇಕು. ಕೂಗಿ ಹೇಳಲು ಅಲ್ಲಿ ವ್ಯವಧಾನವಿಲ್ಲ. ಈ ಪರಸ್ಪರ ಜ್ಞಾನ ಒಬ್ಬನ ತಲೆಯಲ್ಲಿಯೂ ಇಲ್ಲ, ಒಬ್ಬನ ತೋಳಿನಲ್ಲಿಯೂ ಇಲ್ಲ; ಅದೇ ಇಬ್ಬರು ಮೂವರು ಅನೇಕ ಸಂಜೆಗಳನ್ನು ಕೂಡಿ ಕಳೆದುದರ ಫಲವಾಗಿ ಅವರ ನಡುವೆ ನೆಲಸಿರುತ್ತದೆ.

ದೇಹದ ವಿದ್ಯೆಯನ್ನು ಕುರಿತು ವಿದ್ವಾಂಸರು ಹೇಳಿರುವ ಮಾತುಗಳಲ್ಲಿ ಮೂರನ್ನು ಇಲ್ಲಿ ಸ್ಮರಿಸಬಹುದು. ಫ್ರಾನ್ಸಿನ ಮಾರ್ಸೆಲ್ ಮೋಸ್ 1934ರ ಉಪನ್ಯಾಸವೊಂದರಲ್ಲಿ ಮಾನವನ ಮೊದಲ ಉಪಕರಣ ಅವನ ದೇಹವೇ ಎಂದು ಪ್ರತಿಪಾದಿಸಿ, ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಸೈನಿಕರಿಗೆ ಫ್ರೆಂಚರ ಗುದ್ದಲಿಯಿಂದ ಅಗೆಯಲು ಬಾರದೆ ಗುದ್ದಲಿಗಳನ್ನೇ ಬದಲಾಯಿಸಬೇಕಾದ ಪ್ರಸಂಗವನ್ನು ಉದಾಹರಿಸಿದ್ದಾನೆ. ರಷ್ಯದ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಚಲನೆಯನ್ನು ಛಾಯಾಚಿತ್ರಗಳಿಂದ ಅಳೆದು, ಸುತ್ತಿಗೆಯ ತುದಿ ಬಹುಮಟ್ಟಿಗೆ ಒಂದೇ ಗುರಿಯನ್ನು ತಲುಪುತ್ತಿದ್ದರೂ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಹೊಡೆತದಲ್ಲಿಯೂ ಬೇರೆ ಬೇರೆಯಾಗಿ ಚಲಿಸುತ್ತವೆಂದು ಕಂಡುಕೊಂಡ. ಅಭ್ಯಾಸವೆಂದರೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಲ್ಲ, ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಬಿಡಿಸುವುದು ಎಂಬ ಸಿದ್ಧಾಂತಕ್ಕೆ ಅವನು ಬಂದುದು ಇಂಥ ಅಧ್ಯಯನಗಳಿಂದ. ಅಮೆರಿಕದ ಶೀ ಮತ್ತು ಮಾರ್ಗನ್ 1979ರಲ್ಲಿ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಮೂರು ಬಗೆಯ ಕೈಚಲನೆಗಳನ್ನು ಒಂದು ಗುಂಪು ಒಂದಾದ ಮೇಲೊಂದರಂತೆ ಪೂರೈಸಿ ಕಲಿಯಿತು. ಇನ್ನೊಂದು ಗುಂಪು ಮೂರನ್ನೂ ಬೆರಸಿಕೊಂಡು ಕಲಿಯಿತು. ಅಭ್ಯಾಸದ ಕಾಲದಲ್ಲಿ ಮೊದಲನೆಯ ಗುಂಪೇ ಮೇಲಾಗಿ ಕಂಡಿತು. ಹತ್ತು ದಿನಗಳಾದ ಮೇಲೆ ಪರೀಕ್ಷಿಸಿದಾಗ ಬೆರಸಿ ಕಲಿತವರೇ ಉತ್ತಮವಾಗಿ ಉಳಿಸಿಕೊಂಡಿದ್ದರು.

ಈ ಕೊನೆಯ ಮಾತನ್ನು ಕಾಲೇಜುಗಳ ವ್ಯಾಯಾಮ ಶಿಕ್ಷಕರು ವಿಚಾರಿಸಬೇಕೆಂದು ನಮಗೆ ತೋರುತ್ತದೆ. ನಲವತ್ತು ಹರಡಿನ ಹಿಡಿತ, ಅನಂತರ ನಲವತ್ತು ತೊಡೆಯ ಹಿಡಿತ ಎಂದು ಸಾಲಾಗಿ ಮಾಡಿಸುವ ಪದ್ಧತಿ ಶಿಸ್ತಾಗಿ ಕಾಣುತ್ತದೆ. ಪ್ರಗತಿಯೂ ಅಂದೇ ಕಾಣುತ್ತದೆ. ಹಳ್ಳಿಯ ತಂಡದಲ್ಲಿ ಅಷ್ಟು ಶಿಸ್ತಿಗೆ ಅವಕಾಶವಿಲ್ಲದೆ, ಯಾರು ಯಾವಾಗ ಬರುತ್ತಾರೋ ಅವರೊಡನೆ ಎಲ್ಲವನ್ನೂ ಬೆರಸಿ ಆಡಬೇಕಾಗುತ್ತದೆ. ಅವ್ಯವಸ್ಥೆಯೆಂದು ನಾವು ಮೊದಲು ಭಾವಿಸಿದ್ದು ಕಲಿಕೆಗೆ ಒಂದಿಷ್ಟು ಅನುಕೂಲವೇ ಆಗಿರಬಹುದು. ಎಲ್ಲ ಅವ್ಯವಸ್ಥೆಯೂ ಗುಣವೆಂದು ಇದರಿಂದ ಯಾರೂ ತಿಳಿಯಬಾರದು!

ನೆಲವೂ ಶಿಕ್ಷಕನೇ. ಮದ್ದೂರಿನ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಆಡುವ ತಂಡದವರು ಮೆತ್ತನೆಯ ಮಣ್ಣಿನಲ್ಲಿ ಧುಮುಕಿ ಹಿಡಿಯಲು ಅಂಜುವುದಿಲ್ಲ. ಮಳವಳ್ಳಿ ತಾಲ್ಲೂಕಿನ ರಾಗಿಯ ಸೀಮೆಯಲ್ಲಿ, ಜಲ್ಲಿ ಬೆರೆತ ಗಟ್ಟಿಯಾದ ಶಾಲೆಯ ಬಯಲಿನಲ್ಲಿ ಅಭ್ಯಾಸಮಾಡುವ ತಂಡವೊಂದರಲ್ಲಿ ಧುಮುಕುವವರೇ ಕಡಮೆ. ಅವರು ನಿಂತು ಹಿಡಿಯುವ ಚೈನನ್ನೇ ಬೆಳೆಸಿಕೊಂಡಿದ್ದರು. ಪಂದ್ಯ ನೋಡಿದವರು ಇದನ್ನು ಆ ತಂಡದ ‘ಶೈಲಿ’ ಎನ್ನುತ್ತಾರೆ. ಆ ಶೈಲಿಯ ಮೂಲ ಮೊಣಕೈ ತರಚಿದ ಹುಡುಗರ ವಿವೇಕದಲ್ಲಿದೆ. ಮಂಡ್ಯ ನಗರದಲ್ಲಿ ಮ್ಯಾಟಿನ ಮೇಲೆ, ಷೂ ತೊಟ್ಟು ಆಡಿ ಕಲಿತವರು ಮಣ್ಣಿಗೆ ಬಂದಾಗ ಜಾರುತ್ತಾರೆ. ಮಣ್ಣಿನವರು ಮ್ಯಾಟಿಗೆ ಹೋದಾಗ ಕಾಲು ಕಚ್ಚಿಕೊಂಡಂತಾಗಿ ತಿರುಗಲು ತಡವರಿಸುತ್ತಾರೆ. ದೊಡ್ಡ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ ನಡೆಯುವುದರಿಂದ ಈ ತೊಡಕು ಹಳ್ಳಿಯ ಆಟಗಾರನ ಪಾಲಿಗೆ ಚಿಕ್ಕದಲ್ಲ.

ಕೈಯಲ್ಲಿನ ಫೋನು ಹೊಸ ಉಸ್ತಾದನಾಗಿದೆ. ಹಿಡಿಯಬಂದವರ ಕೆಳಗೆ ತಲೆತಗ್ಗಿಸಿ ನುಸುಳುವ ‘ಡುಬ್ಕಿ’ಯನ್ನು ಹುಡುಗರು ಅದರಲ್ಲಿ ನೋಡಿ ಮರುದಿನವೇ ಕಣದಲ್ಲಿ ಪ್ರಯತ್ನಿಸುತ್ತಾರೆ. ಚಲನೆಯ ಆಕಾರವನ್ನು ಚಿತ್ರ ತೋರಿಸುತ್ತದೆ. ಚೈನ್ ಯಾವ ಎತ್ತರದಲ್ಲಿ ಬಂದಾಗ ಬಗ್ಗಬೇಕೆಂಬುದನ್ನು ಕಲಿಯಲು ಬರುವ ಚೈನ್ ಬೇಕು, ಅಂದರೆ ಜೊತೆಗಾರರು ಬೇಕು. ಫೋನನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ತಮ್ಮದೇ ಅಭ್ಯಾಸವನ್ನು ಚಿತ್ರಿಸಿಕೊಂಡು, ಆಟವಾದ ಮೇಲೆ ಗುಂಪುಕೂಡಿ ನೋಡಿ, ತಪ್ಪನ್ನು ತೋರಿಸಿ ನಗುವ ತಂಡವನ್ನೂ ಕಂಡಿದ್ದೇವೆ. ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ಹೊಳೆಯದು.

ಹುಡುಗಿಯರ ತಂಡಗಳಿಗೆ ಕಣ ಚಿಕ್ಕದು, 12 ಮೀಟರಿಗೆ 8. ಆದರೆ ಅವರ ನಿಜವಾದ ಕೊರತೆ ಹೊತ್ತಿನದು. ಕತ್ತಲಾಗುವುದಕ್ಕೆ ಮುನ್ನ ಮನೆ ಸೇರಬೇಕಾದ ವಿದ್ಯಾರ್ಥಿನಿಗೆ ತರಗತಿ ಮುಗಿದ ಮೇಲೆ ಮುಕ್ಕಾಲು ಗಂಟೆ ಉಳಿದರೆ ಹೆಚ್ಚು. ಒಬ್ಬೊಬ್ಬರ ಕೌಶಲವನ್ನು ಆ ಅವಧಿಯಲ್ಲಿ ಬೆಳೆಸಬಹುದು. ಚೈನಿಗೆ ಬೇಕಾದ ಒಡನಾಟವನ್ನು ಬೆಳೆಸುವುದು ಕಷ್ಟ. ಹಳ್ಳಿಯ ಹುಡುಗರಂತೆ ದೀಪದ ಬೆಳಕಿನಲ್ಲಿ ಒಂಬತ್ತು ಗಂಟೆಯವರೆಗೆ ಆಡುವ ಸ್ವಾತಂತ್ರ್ಯ ಅವರಿಗಿಲ್ಲ. ಸೋತಾಗ ಮಾತ್ರ ಹುಡುಗಿಯರಲ್ಲಿ ‘ಹೊಂದಾಣಿಕೆ’ ಸಾಲದೆಂಬ ಟೀಕೆ ಬರುತ್ತದೆ. ವೇಳಾಪಟ್ಟಿಯನ್ನು ಸಿದ್ಧಪಡಿಸುವವರು ಕಡೆಯ ಪಾಠವನ್ನು ವಾರಕ್ಕೆರಡು ದಿನ ಬಿಟ್ಟುಕೊಟ್ಟರೂ ಈ ಟೀಕೆಗೆ ಅರ್ಧ ಉತ್ತರ ದೊರೆತಂತಾಗುತ್ತದೆ.

ಮೇಲೆ ಹೇಳಿದ ಪರಸ್ಪರ ಜ್ಞಾನ ಎಷ್ಟು ನಾಜೂಕಾದುದೆಂಬುದಕ್ಕೆ ಒಂದು ನಿದರ್ಶನ. ನಾವು ಬಲ್ಲ ತಂಡವೊಂದು ಹಲವು ವರ್ಷ ಸುತ್ತಿನ ಊರುಗಳಲ್ಲಿ ಹೆಸರಾಗಿತ್ತು. 2020ರಲ್ಲಿ ಸಾಂಕ್ರಾಮಿಕದ ಕಾರಣ ಅಭ್ಯಾಸ ನಿಂತಿತು. ಮತ್ತೆ ಕೂಡಿದಾಗ ಏಳು ಮಂದಿಯಲ್ಲಿ ಐವರು ಊರಿನಲ್ಲಿಯೇ ಇದ್ದರು, ದೇಹದಲ್ಲಿ ಶಕ್ತಿಯೂ ಇತ್ತು. ಹೋದವರಿಬ್ಬರು ಎಡಬದಿಯ ಕಾರ್ನರ್ ಮತ್ತು ಅವನ ಪಕ್ಕದವನು. ಉಳಿದವರು ಆ ಜಾಗಕ್ಕೆ ಬಲಿಷ್ಠರನ್ನೇ ತಂದು ನಿಲ್ಲಿಸಿದರು. ಹಿಡಿತಗಳು ಒಂದೊಂದಾಗಿ ಸರಿಯಾಗಿದ್ದರೂ ಕೂಡುವ ಕ್ಷಣ ತಪ್ಪುತ್ತಿದ್ದುದರಿಂದ ತಂಡ ಮೇಲೇಳಲಿಲ್ಲ. ಹಿಂದಿನವರು ಹೇಗೆ ಅಭ್ಯಾಸಮಾಡುತ್ತಿದ್ದರೆಂದು ಕೇಳಿದರೆ ಹೇಳುವವರು ಯಾರೂ ಇರಲಿಲ್ಲ; ಗೆದ್ದ ಕಪ್ಪುಗಳು ಮಾತ್ರ ಒಬ್ಬರ ಮನೆಯ ಅಟ್ಟದ ಮೇಲಿದ್ದುವು.

ಪಂದ್ಯಾವಳಿಗೆ ಪೆಂಡಾಲು, ದೀಪ, ಧ್ವನಿವರ್ಧಕ, ಬಹುಮಾನಗಳಿಗಾಗಿ ದಾನಿಗಳು ಧಾರಾಳವಾಗಿ ಕೊಡುತ್ತಾರೆ. ಅಭ್ಯಾಸಕ್ಕೆಂದು ಒಂದು ಗಾಡಿ ಮರಳು ಕೊಟ್ಟವರನ್ನು ನಾವು ಕಂಡಿಲ್ಲ. ಚರಿತ್ರೆಯ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದಕ್ಕಿಂತ ಅಗ್ಗವಾದುದು: ತಮ್ಮ ಊರಿನ ತಂಡದ ಬಳಿ ಒಂದು ನೋಟುಪುಸ್ತಕ ಹಿಡಿದು ಕುಳಿತು, ಯಾರು ಯಾರೊಡನೆ ಜೋಡಿ ಕಟ್ಟಿದರು, ಯಾವ ಹಿಡಿತವನ್ನು ಯಾವ ಮಾತಿನಿಂದ ಹೇಳಿಕೊಟ್ಟರು, ಹಿರಿಯರು ಅದನ್ನು ಯಾರಿಂದ ಕಲಿತರು, ಊರಿನಲ್ಲಿ ಗರಡಿ ಇದ್ದಿತೇ, ಇದ್ದರೆ ಯಾವಾಗ ಮುಚ್ಚಿತು ಎಂಬುದನ್ನು ಬರೆದುಕೊಳ್ಳುವುದು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಆರಂಭಿಸಿದ್ದಾರೆ. ಅವರಲ್ಲಿ ಆಡಬಲ್ಲವರು ಬರೆಯುವುದನ್ನು ಬಿಟ್ಟು ಕಣಕ್ಕಿಳಿಯುತ್ತಾರೆಂಬುದು ಸದ್ಯಕ್ಕೆ ಇರುವ ಒಂದೇ ತೊಂದರೆ.

ಈ ಕೆಲಸಕ್ಕೆ ಅನುಕೂಲವಾದ ಕಾಲ ಸುಗ್ಗಿಯಿಂದ ಮುಂಗಾರಿನವರೆಗೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಗದ್ದೆಗಳಲ್ಲಿ ನಾಟಿಗೆ ಕೆಸರು ಮಾಡತೊಡಗಿದರೆ ಮದ್ದೂರಿನ ತಂಡದ ಕಣವೂ ಉಳುಮೆಗೆ ಸೇರುತ್ತದೆ. ಸುಣ್ಣದ ಗೆರೆಗಳನ್ನು ಮತ್ತೆ ಹಾಕುವುದು ಕೊಯ್ಲಾದ ಮೇಲೆಯೇ.